ಶ್ರೀವಾಣಿ ಕಡಲಲ್ಲಿದ್ದ ದಿನಗಳು

ಫೆಬ್ರವರಿ 2

ಶ್ರೀವಾಣಿ ಇವತ್ತು ಕೊಲಂಬೋದಲ್ಲಿ ಹಡಗು ಹತ್ತಿದಳು. ಫೋಟೋ ಕಳಿಸಿದ್ದಾಳೆ. ತಲೆಗೆ ಬಿಳಿ ಹೆಲ್ಮೆಟ್, ಹಿಂದೆ ಹಡಗಿನ ನಡುವಿನಿಂದ ಎದ್ದ ಕಬ್ಬಿಣದ ಗೋಪುರ. ಮಾರ್ಚ್ ಕೊನೆಗೆ ವಾಪಸು. ಅಲ್ಲಿಯತನಕ ಚಳ್ಳಕೆರೆಯ ಈ ಮನೆಯಲ್ಲಿ ನಾನೊಬ್ಬನೇ. ನನಗೆ ಬರೆಯುವ ಅಭ್ಯಾಸವಿಲ್ಲ. ತಳಕಿನ ಶಾಲೆಯಲ್ಲಿ ದಿನವಿಡೀ ವಿಜ್ಞಾನ ಪಾಠ ಮಾಡಿ ಬಂದ ಮೇಲೆ ಮಾತಾಡಲು ಯಾರೂ ಇಲ್ಲವಲ್ಲ ಅಂತ ಈ ಹಳೆಯ ಡೈರಿ ತೆಗೆದಿದ್ದೇನೆ.

ಊರಾಚೆಯ ಸಂಶೋಧನಾ ಕೇಂದ್ರದಲ್ಲಿ ಅವಳು ಕಲ್ಲಿನ ಒತ್ತಡ ಅಳೆಯುವವಳು. ಈ ಸಲ ಅಳೆಯಬೇಕಾದ ಕಲ್ಲು ನಿಕೋಬಾರಿನ ದಕ್ಷಿಣಕ್ಕೆ ಸಮುದ್ರದ ತಳದ ಕೆಳಗಿದೆ. ಅಲ್ಲಿ ಭೂಮಿಯ ಒಂದು ಪದರ ಇನ್ನೊಂದರ ಅಡಿಗೆ ನುಗ್ಗುತ್ತದೆ. ಸರಾಗವಾಗಿ ನುಗ್ಗುವುದಿಲ್ಲ. ಕಚ್ಚಿಕೊಂಡು ವರ್ಷಗಟ್ಟಲೆ ನಿಂತು ಒಂದು ದಿನ ಜಾರಿಬಿಡುತ್ತದೆ. ಅದೇ ದೊಡ್ಡ ಭೂಕಂಪ, ಅದೇ ಸುನಾಮಿ. ಈಗ ಅಲ್ಲಿ ಎಷ್ಟು ಒತ್ತಡ ತುಂಬಿಕೊಂಡಿದೆ ಎಂದು ಮೇಲೆ ಕೂತು ಅಂದಾಜು ಮಾಡಬಹುದು. ಅಳೆಯಬೇಕಾದರೆ ಕೊರೆದುಕೊಂಡು ಇಳಿಯಲೇಬೇಕು. ಇದಕ್ಕಾಗಿ ಎಂಟು ವರ್ಷ ಕಾದಿದ್ದಾಳೆ.

ಫೆಬ್ರವರಿ 9

ಕೊರೆಯಲು ಶುರು ಮಾಡಿದ್ದಾರಂತೆ. ಅವಳ ಪಾಳಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಊಟದ ಬಿಡುವಿನಲ್ಲಿ ನಾನು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ನಿಂತರೆ ಫೋನು ಬರುತ್ತದೆ, ಅಥವಾ ಬರುವುದಿಲ್ಲ.

ಸಂಜೆ ಎಣ್ಣೆ ಮಿಲ್ಲಿನ ಸಣ್ಣತಿಮ್ಮಪ್ಪ ಬೀದಿಯಲ್ಲಿ ನಿಲ್ಲಿಸಿ ಕೇಳಿದ. "ಮೇಡಂನೋರು ಸಮುದ್ರದಾಗೆ ಬೋರ್ ಹಾಕ್ಸಾಕೆ ಹೋಗವ್ರಂತಲ್ಲ ಮೇಷ್ಟ್ರೇ. ಅಲ್ಲೇನು ನೀರಿಗೆ ಬರ?" ಅವನೂ ನಕ್ಕ, ನಾನೂ ನಕ್ಕೆ. ಇವತ್ತು ಯಾರ ಜೊತೆಗಾದರೂ ನಕ್ಕಿದ್ದು ಅಷ್ಟೇ.

ಫೆಬ್ರವರಿ 13

ಒಂಬತ್ತನೇ ತರಗತಿಯಲ್ಲಿದ್ದಾಗ ಗೋಪಿ ಫೋನು ಮಾಡಿದ. ಗೋಪಿ ಶ್ರೀವಾಣಿಯ ತಮ್ಮ, ಮೊಳಕಾಲ್ಮೂರಿನಲ್ಲಿ ಮಗ್ಗದ ಕೆಲಸ. ಇವರ ತಾಯಿ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿ ಮಗ್ಗದಿಂದ ಮೇಲೇಳುವಾಗ ಕಾಲು ಮಡಚಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ, ಬನ್ನಿ ಬಾವ ಅಂದ. ಹೋದೆ.

ಶ್ರೀವಾಣಿಯ ತಾಯಿ ಎರ್ರಮ್ಮನವರ ಜೊತೆ ನನಗೆ ಮಾತುಕತೆ ಇಲ್ಲ. ನಾವು ಬೇರೆ ಜಾತಿ, ಅವರ ಮನೆಮಾತು ತೆಲುಗು. ರಿಜಿಸ್ಟರ್ ಮದುವೆಗೆ ಅವರು ಬರಲಿಲ್ಲ. ಗಂಡ ಗೋವಿಂದಪ್ಪನವರು ತೀರಿಕೊಂಡಾಗ ನಾನು ಮಣ್ಣಿಗೆ ಹೋದರೂ ನನ್ನ ಕಡೆ ನೋಡಲಿಲ್ಲ. ಹನ್ನೊಂದು ವರ್ಷದಲ್ಲಿ ಬಾ ಅಂದಿಲ್ಲ, ಹೋಗು ಅಂತಲೂ ಅಂದಿಲ್ಲ. ಹಬ್ಬಕ್ಕೆ ಶ್ರೀವಾಣಿಯನ್ನು ಬಿಡಲು ಹೋದರೆ ನಾನು ಜಗಲಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಬರುತ್ತೇನೆ.

ಇವತ್ತು ಸ್ಟ್ರೆಚರಿನ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದರು. ನಾನು ಪಕ್ಕದಲ್ಲೇ ಇದ್ದರೂ ಗೋಪಿಗೆ ಹೇಳಿದರು: "ವಾಣಿಗೆ ಚೆಪ್ಪೊದ್ದು. ಹೇಳಬ್ಯಾಡ ಅನ್ನು ಆತಂಗೆ." ಆತ ಅಂದರೆ ನಾನು. ಸರಿ, ಹೇಳುವುದಿಲ್ಲ ಅಂದೆ. ನಿಜ ಹೇಳಬೇಕೆಂದರೆ ಹೇಳದೇ ಇರುವುದು ನನಗೂ ಸುಲಭವಾಗಿತ್ತು.

ಫೆಬ್ರವರಿ 16

ಆಪರೇಶನ್ ಆಯಿತು. ಒಳಗೆ ರಾಡು ಹಾಕಿದ್ದಾರೆ. ಗೋಪಿ ಔಷಧಿ ತರಲು ಹೋಗಿದ್ದಾಗ ಡಾಕ್ಟರು ಹೊರಗೆ ಬಂದು ನನಗೇ ಹೇಳಿದರು. ಒಂದೂವರೆ ತಿಂಗಳು ವಾಕರ್ ಹಿಡಿದು ನಡೆಯಬೇಕು, ಕಮೋಡ್ ಇರುವ ಮನೆಯಲ್ಲಿರಬೇಕು, ನೆಲದ ಮೇಲೆ ಕೂರುವಂತಿಲ್ಲ, ಮಗ್ಗದ ಗುಂಡಿಗೆ ಇನ್ನು ಯಾವತ್ತೂ ಇಳಿಯುವಂತಿಲ್ಲ.

ಗೋಪಿಗೆ ಹೇಳಿದೆ. ಅವನು ಕಾರಿಡಾರಿನ ಗೋಡೆಗೆ ಒರಗಿಕೊಂಡ. "ಹದಿಮೂರನೇ ವಯಸ್ಸಿಗೆ ಮಗ್ಗಕ್ಕೆ ಕುಂತೋಳು ಬಾವ. ನಾನು ಹೇಳಲಾರೆ, ನೀವೇ ಹೇಳ್ರಿ." ನಾನು ಯಾವ ಬಾಯಲ್ಲಿ ಹೇಳಲಿ. ಆಮೇಲೆ ನೋಡೋಣ ಅಂತ ಇಬ್ಬರೂ ಸುಮ್ಮನಾದೆವು.

ಗೋಪಿಯ ಹೆಂಡತಿ ಹೆರಿಗೆಗೆ ರಾಯದುರ್ಗದ ತವರಿಗೆ ಹೋಗಿದ್ದಾಳೆ, ಇವತ್ತೋ ನಾಳೆಯೋ ಅನ್ನುವಂತಿದೆ. ಅವರ ಮನೆಯ ಬಚ್ಚಲು ಹಿತ್ತಿಲಲ್ಲಿದೆ, ಮೆಟ್ಟಿಲಿಳಿದು ಹೋಗಬೇಕು. ಕಮೋಡ್ ಇರುವುದು ನಮ್ಮ ಮನೆಯಲ್ಲಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ನಾನೇ ಹೇಳಿದೆ.

ಫೆಬ್ರವರಿ 21

ಎರ್ರಮ್ಮನವರು ಬಂದಿದ್ದಾರೆ. ಶ್ರೀವಾಣಿಯ ಓದುವ ಕೋಣೆಯಿಂದ ಮೇಜು ಹೊರಹಾಕಿ ಮಂಚ ಹಾಕಿದ್ದೇವೆ. ನೋಡಿಕೊಳ್ಳಲು ಗೊತ್ತುಮಾಡಿದ ಕರಿಯಕ್ಕ ಹಗಲಿಗೆ ಬರುತ್ತಾಳೆ, ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಬಚ್ಚಲಿಗೆ ಕರೆದೊಯ್ದು, ನಾನು ಶಾಲೆಯಿಂದ ಬಂದ ಮೇಲೆ ಹೋಗುತ್ತಾಳೆ. ಬೆಳಿಗ್ಗೆ ಸಂಜೆ ಅಡಿಗೆ ನನ್ನದು. ಅನ್ನ ಸಾರು ಕೊಟ್ಟರೆ ಉಂಡು ತಟ್ಟೆ ಪಕ್ಕಕ್ಕಿಡುತ್ತಾರೆ. ಚೆನ್ನಾಗಿದೆ ಅನ್ನುವುದಿಲ್ಲ, ಉಪ್ಪು ಕಮ್ಮಿ ಅಂತಲೂ ಅನ್ನುವುದಿಲ್ಲ.

ಗೋಪಿ ಹೊರಡುವಾಗ, ಅಕ್ಕನಿಗೆ ಮೆಸೇಜು ಹಾಕಿಬಿಟ್ಟೆ ಅಂದ. ಮನಸ್ಸು ತಡೆಯಲಿಲ್ಲವಂತೆ.

ಫೆಬ್ರವರಿ 22

ಶಾಲೆಗೆ ರಜೆ, ಮನೆಯಲ್ಲೇ ಇದ್ದೆ. ಮಧ್ಯಾಹ್ನ ಶ್ರೀವಾಣಿ ಫೋನು ಮಾಡಿದಳು. ಯಾಕೆ ಹೇಳಲಿಲ್ಲ ಎಂದಳು. ನಿಮ್ಮಮ್ಮನೇ ಬೇಡ ಅಂದರು ಎಂದೆ. "ಯಾವಾಗಿಂದ ನಮ್ಮಮ್ಮನ ಮಾತು ಕೇಳೋಕೆ ಶುರು ಮಾಡಿದ್ರಿ?" ಎಂದಳು.

ಆಮೇಲೆ ಶಾಂತವಾದಳು. ಇಪ್ಪತ್ನಾಲ್ಕಕ್ಕೆ ಕೆಲಸದವರನ್ನು ಬದಲಿಸಲು ಹೆಲಿಕಾಪ್ಟರ್ ಬರುತ್ತದೆ. ಅದರಲ್ಲಿ ಜಾಗ ಕೇಳಿದರೆ ಕೊಡುತ್ತಾರೆ. ಅದು ಬಿಟ್ಟರೆ ಕೊನೆಯತನಕ ಬರಲು ದಾರಿಯಿಲ್ಲ. ಒತ್ತಡದ ಪರೀಕ್ಷೆಗಳು ಇನ್ನೂ ಶುರುವಾಗಿಲ್ಲ. ಬರಲಾ ಅಂತ ಕೇಳಿದಳು.

ಬಾ ಅನ್ನಬೇಕು ಅಂತಲೇ ಇದ್ದೆ. ನಾಲ್ಕು ದಿನದಿಂದ ಸರಿಯಾಗಿ ನಿದ್ದೆಯಿಲ್ಲ, ಬೆನ್ನು ಹಿಡಿದುಕೊಂಡಿದೆ. ಅಷ್ಟರಲ್ಲಿ ಒಳಗಿನಿಂದ ಎರ್ರಮ್ಮನವರು ಫೋನು ಇಲ್ಲಿ ಕೊಡು ಅಂತ ಕೈ ಮಾಡಿದರು. ಸ್ಪೀಕರ್ ಹಾಕಿ ಕೊಟ್ಟೆ.

"ಬಾವಿ ಮುಗೀತಾ?" ಅಂತ ಕೇಳಿದರು. ಮಗಳು ಸಮುದ್ರದಲ್ಲಿ ಕೊರೆಯುತ್ತಿರುವುದು ಅವರ ಲೆಕ್ಕಕ್ಕೆ ಬಾವಿ.

"ಇಲ್ಲಮ್ಮಾ. ಇನ್ನೂ ಅರ್ಧಕ್ಕೂ ಬಂದಿಲ್ಲ."

"ಮತ್ತ್ಯಾಕೆ ಬರ್ತೀಯ? ಬಂದು ನನ್ನ ಕಾಲು ಕೂಡಿಸ್ತೀಯಾ? ಇಕ್ಕಡ ಅಲ್ಲುಡು ಉನ್ನಾಡು. ನಿನ್ನ ಕೆಲಸ ನೀನು ನೋಡ್ಕೋ."

ಇಲ್ಲಿ ಅಳಿಯ ಇದ್ದಾನೆ ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಇದೇ ಮೊದಲು. ಕೇಳಿ ಸಂತೋಷವೇನೂ ಆಗಲಿಲ್ಲ. ಅಳಿಯನನ್ನು ಒಂದು ಮಾತು ಯಾರೂ ಕೇಳಲಿಲ್ಲವಲ್ಲ ಅನ್ನಿಸಿತು. ಶ್ರೀವಾಣಿ ಅತ್ತಳು, ಆಮೇಲೆ ಸರಿ ಅಂದಳು. ನಾನು ಹೋಗಿ ಕುಕ್ಕರ್ ಆರಿಸಿದೆ.

ಫೆಬ್ರವರಿ 26

ಸುಸ್ತು. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 3

ಗೋಪಿಗೆ ಹೆಣ್ಣು ಮಗು. ಎರ್ರಮ್ಮನವರು ಫೋನಿನಲ್ಲಿ ಫೋಟೋ ನೋಡಿ, ಮೂಗು ನಮ್ಮೋರದ್ದು ಅಂದು, ಫೋನು ನನಗೆ ಕೊಡದೆ ಸ್ವಲ್ಪ ಹೊತ್ತು ಎದೆಯ ಮೇಲೆ ಇಟ್ಟುಕೊಂಡಿದ್ದರು.

ಸಂಜೆ ನಾನು ಬಂದ ಕೂಡಲೇ ಅವರ ಪ್ರಶ್ನೆ ಒಂದೇ: "ಬಾವಿ ಎಷ್ಟು ಇಳೀತು?" ಬೇರೆ ಮಾತಿಲ್ಲ. ಇವತ್ತು ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತು ಹೇಳಿದೆ. ಸಮುದ್ರವೇ ಎರಡೂವರೆ ಕಿಲೋಮೀಟರ್ ಆಳ, ಅದರ ಕೆಳಗೆ ನೆಲವನ್ನು ಇನ್ನೂ ಒಂದೂಕಾಲು ಕಿಲೋಮೀಟರ್ ಕೊರೆದಿದ್ದಾರೆ. ಮೇಲೆ ತಂದ ಕಲ್ಲಿನ ತುಂಡು ಕೆಳಗಿನ ಅದುಮು ತಪ್ಪಿದ್ದಕ್ಕೆ ಚೂರು ಉಬ್ಬುತ್ತದೆ, ಕಣ್ಣಿಗೆ ಕಾಣದಷ್ಟು. ಯಾವ ಕಡೆ ಜಾಸ್ತಿ ಉಬ್ಬಿತೋ ಆ ಕಡೆಯಿಂದ ಜಾಸ್ತಿ ಅದುಮಿತ್ತು ಅಂತ ಗೊತ್ತಾಗುತ್ತದೆ. ನಿಮ್ಮ ಮಗಳು ತಂತಿ ಅಂಟಿಸಿಕೊಂಡು ಆ ಉಬ್ಬನ್ನು ಕಾಯುತ್ತಾ ಕೂತಿದ್ದಾಳೆ ಎಂದೆ.

ಅದು ಗೊತ್ತಾದರೆ ಭೂಕಂಪ ಯಾವತ್ತು ಬರುತ್ತದೆ ಅಂತ ಹೇಳಬಹುದಾ ಅಂತ ಕೇಳಿದರು. ಇಲ್ಲ, ದಿನ ಯಾರೂ ಹೇಳಲಾರರು. ಎಲ್ಲಿ ಎಷ್ಟು ದೊಡ್ಡದಾಗಿ ಜಾರೀತು, ದಡದವರು ಎಷ್ಟು ಎತ್ತರಕ್ಕೆ ಓಡಬೇಕಾದೀತು ಅನ್ನುವುದಕ್ಕೆ ಅಂದಾಜು ಸಿಗುತ್ತದೆ. ಅಷ್ಟಕ್ಕೆ ಇಷ್ಟು ಕಷ್ಟವಾ ಎಂದರು. ಅಷ್ಟಕ್ಕೇ ಎಂದೆ. ತಲೆ ಆಡಿಸಿದರು. ಅದು ಒಪ್ಪಿದ್ದೋ ಒಪ್ಪದ್ದೋ ತಿಳಿಯಲಿಲ್ಲ.

ಮಾರ್ಚ್ 7

ಮೊದಲ ಒತ್ತಡ ಪರೀಕ್ಷೆ ಆಯಿತು. ರಂಧ್ರದ ಕೆಳಭಾಗವನ್ನು ಬಿಗಿಯಾಗಿ ಮುಚ್ಚಿ ಒಳಗೆ ದ್ರವ ಪಂಪ್ ಮಾಡುತ್ತಾ ಹೋಗುತ್ತಾರೆ. ಒಂದು ಹಂತಕ್ಕೆ ಕಲ್ಲು ಸೀಳುತ್ತದೆ. ಪಂಪ್ ನಿಲ್ಲಿಸಿದಾಗ ಆ ಸೀಳು ಯಾವ ಒತ್ತಡದಲ್ಲಿ ಮುಚ್ಚಿಕೊಳ್ಳುತ್ತದೋ ಅದು ಕಲ್ಲು ಒಳಗಡೆ ತಡೆದು ನಿಂತಿರುವ ಒತ್ತಡ. ಎಲ್ಲರೂ ಅಂದುಕೊಂಡಿದ್ದಕ್ಕಿಂತ ಬಹಳ ಕಮ್ಮಿ ಬಂದಿದೆ. ಪದರ ಕಚ್ಚಿಕೊಂಡು ನಿಂತ ಜಾಗದ ಮೇಲುಗಡೆ ಇಷ್ಟು ಕಮ್ಮಿ ಇರಲು ಸಾಧ್ಯವೇ ಇಲ್ಲ, ಪೈಪಿನ ಸುತ್ತಲ ಸಿಮೆಂಟಿನಲ್ಲಿ ಎಲ್ಲೋ ಸೋರಿರಬೇಕು, ಪರೀಕ್ಷೆ ಕೆಟ್ಟಿದೆ ಅಂತ ಬರೆದುಬಿಡೋಣ ಅನ್ನುತ್ತಾನಂತೆ ತಂಡದ ಮುಖ್ಯಸ್ಥ. ಸೋರಿಕೆಯೋ ಅಲ್ಲವೋ ತಿಳಿಯಬೇಕಾದರೆ ಅದೇ ಸೀಳನ್ನು ಇನ್ನೊಮ್ಮೆ ಪಂಪ್ ಮಾಡಿ ನೋಡಬೇಕು. ಅದಕ್ಕೆ ಹಡಗಿನ ಒಂದು ದಿನ ಬೇಕು. ಆ ದಿನ ಕೊಡಲು ಅವನಿಗೆ ಇಷ್ಟವಿಲ್ಲ.

ಶ್ರೀವಾಣಿ ಗ್ರಾಫ್ ಕಳಿಸಿದ್ದಳು. ನನ್ನ ಹೈಸ್ಕೂಲ್ ಭೌತಶಾಸ್ತ್ರಕ್ಕೆ ಅದು ಸೋರಿಕೆಯಂತೆ ಕಾಣಲಿಲ್ಲ. ಹಾಗಂತ ಬರೆದೆ. ಉತ್ತರ ಬರಲಿಲ್ಲ, ನಿದ್ದೆ ಹೋಗಿರಬೇಕು.

ಮಾರ್ಚ್ 9

ಕರಿಯಕ್ಕನ ಅಣ್ಣ ತೀರಿಕೊಂಡರು. ಸಿದ್ದಾಪುರಕ್ಕೆ ಹೋಗಿದ್ದಾಳೆ. ತಿಥಿ ಮುಗಿಸಿ ಬರುತ್ತೇನೆ ಅಂದಳು. ಬೇರೆ ಯಾರೂ ಸಿಗಲಿಲ್ಲ. ಅರ್ಧ ದಿನದ ರಜೆ ಹಾಕುತ್ತಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ ಇದೇನು ಮೇಷ್ಟ್ರೇ ಅಂತ ಹೆಡ್‌ಮಾಸ್ಟರು ಮುಖ ಸಿಂಡರಿಸಿದರು.

ಮಾರ್ಚ್ 11

ಬಚ್ಚಲಿಗೆ ನಾನೇ ಕರೆದುಕೊಂಡು ಹೋಗಬೇಕು. ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ವಾಕರ್ ಹಿಡಿಸಿ, ಕಮೋಡಿನ ಮೇಲೆ ಕೂರಿಸಿ, ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ. ನನ್ನವ್ವನಿಗೆ ಕೊನೆಯ ವರ್ಷ ಇದನ್ನೆಲ್ಲಾ ಮಾಡಿದ್ದೇನೆ, ನನಗೇನೂ ಅನ್ನಿಸುವುದಿಲ್ಲ. ಆದರೆ ಎರ್ರಮ್ಮನವರು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ವಾಪಸು ಮಲಗಿಸಿದ ಮೇಲೆ ಗೋಡೆಯ ಕಡೆ ತಿರುಗುತ್ತಾರೆ. ಬಾವಿ ಎಷ್ಟು ಇಳಿಯಿತು ಅಂತ ಇವತ್ತು ಕೇಳಲಿಲ್ಲ.

ಆದರೂ ಒಂದು ಸಮಾಧಾನ, ದಿನಕ್ಕೆ ಎರಡೇ ಸಲ ಸಾಕಾಗುತ್ತಿದೆ.

ಮಾರ್ಚ್ 13

ಬೆಳಿಗ್ಗೆ ಕಾಫಿ ಕೊಡಲು ಹೋದರೆ ಮೈ ಕೆಂಡ. ಕಣ್ಣು ತೆರೆದಿದ್ದರೂ ನನ್ನ ಗುರುತಿಲ್ಲ. ತಮ್ಮ ಗಂಡ ಅಂದುಕೊಂಡು, ರೇಷ್ಮೆ ತಂದ್ಯಾ, ಯಾಕೆ ಇಷ್ಟು ಹೊತ್ತು ಅಂತ ತೆಲುಗಿನಲ್ಲಿ ಕೇಳಿದರು. ತಂದಿದ್ದೀನಿ ಅಂದೆ, ಮತ್ತೇನು ಹೇಳಲಿ. ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಆಸ್ಪತ್ರೆಗೆ ತಂದೆ. ಮೂತ್ರದಲ್ಲಿ ಸೋಂಕು, ರಕ್ತಕ್ಕೂ ಏರುವ ಹಾಗಿದೆ, ವಯಸ್ಸಾದವರು, ಎರಡು ದಿನ ಏನೂ ಹೇಳಲಾಗದು ಅಂದರು. ನೀರು ಕುಡಿಯುತ್ತಿರಲಿಲ್ಲವಾ ಅಂತ ಡಾಕ್ಟರಮ್ಮ ಕೇಳಿದಾಗ ನನಗೆ ಹೊಳೆಯಿತು. ದಿನಾ ಬೆಳಿಗ್ಗೆ ತುಂಬಿಟ್ಟ ತಂಬಿಗೆ ಸಂಜೆಯೂ ತುಂಬಿಯೇ ಇರುತ್ತಿತ್ತು. ನಾನು ಅದನ್ನು ಚೆಲ್ಲಿ ಮತ್ತೆ ತುಂಬಿಸಿಡುತ್ತಿದ್ದೆ. ನನ್ನ ಕೈ ಹಿಡಿದು ಬಚ್ಚಲಿಗೆ ಹೋಗಬೇಕಾಗುತ್ತದಲ್ಲ ಅಂತ ಅವರು ನೀರೇ ಬಿಟ್ಟಿದ್ದರು. ಎರಡೇ ಸಲ ಸಾಕಾಗುತ್ತಿದೆ ಅಂತ ಮೊನ್ನೆ ನಾನೇ ಇಲ್ಲಿ ಬರೆದಿದ್ದೇನೆ.

ಗೋಪಿ ರಾಯದುರ್ಗದಿಂದ ಹೊರಟಿದ್ದಾನೆ.

ಮಾರ್ಚ್ 14

ಜ್ವರ ಇಳಿದಿಲ್ಲ. ಈ ಸಲ ಮುಚ್ಚಿಡಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಶ್ರೀವಾಣಿಗೆ ಎಲ್ಲಾ ಹೇಳಿದೆ, ಗುರುತು ಸಿಗಲಿಲ್ಲ ಅನ್ನುವುದನ್ನೂ. ಹಿಂದುಗಡೆ ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು. ಜಗಳವಾಡಿ ಎರಡನೇ ಪರೀಕ್ಷೆಗೆ ಒಂದು ದಿನ ಪಡೆದುಕೊಂಡಿದ್ದಾಳೆ. ಅದು ಇವತ್ತೇ.

"ನಾನೀಗ ಏನು ಮಾಡ್ಲಿ?" ಅಂತ ಕೇಳಿದಳು.

"ಪರೀಕ್ಷೆ ಮಾಡು. ಅಮ್ಮನ್ನ ನಾನು ನೋಡ್ಕೋತೀನಿ."

ಬೇರೆ ಏನು ಹೇಳಬಹುದಿತ್ತು. ಇನ್ನು ಹೆಲಿಕಾಪ್ಟರೂ ಇಲ್ಲ.

ಮಾರ್ಚ್ 15

ಜ್ವರ ಇಳಿಯಿತು. ಗುರುತು ಹಿಡಿದರು. ನನ್ನ ಗಡ್ಡ ನೋಡಿ, ಇದೇನು ಅವತಾರ ಎಂದರು.

ಮಾರ್ಚ್ 17

ಮನೆಗೆ ಬಂದೆವು. ಗೋಪಿ ಎರಡು ದಿನ ಇದ್ದು ಹೋದ. ಮೊದಲ ಕೆಲಸವಾಗಿ ನೀರಿನ ತಂಬಿಗೆ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತೆ. ಇವತ್ತು ಸಿಟ್ಟು ಬಂದಿತ್ತು.

"ಹತ್ತು ಸಲ ಬಚ್ಚಲಿಗೆ ಕರೀರಿ, ಹತ್ತು ಸಲಾನೂ ಬರ್ತೀನಿ. ಇದನ್ನ ಮಾತ್ರ ಬಿಡಬ್ಯಾಡ್ರಿ. ನಮ್ಮವ್ವಂಗೂ ಮಾಡೀನಿ."

"ನಿಮ್ಮವ್ವ ನಿನ್ನ ಹೆತ್ತಾಳೆ," ಎಂದರು. "ನಾನೇನು ಮಾಡೀನಿ ನಿನಗೆ? ಮದುವೆಗೂ ಬರಲಿಲ್ಲ."

"ಬರದಿದ್ರೆ ಹೋಗ್ಲಿ. ನೀರು ಕುಡೀರಿ ಅತ್ತೆ."

ಕುಡಿದರು. ಪೂರ್ತಿ ತಂಬಿಗೆ. ಆಮೇಲೆ, ಸಾರಿಗೆ ನೀನು ಹುಣಸೆ ಜಾಸ್ತಿ ಹಾಕ್ತೀಯ, ಮೊದಲ ದಿನದಿಂದ ಹೇಳಬೇಕು ಅಂತಿದ್ದೆ ಎಂದರು.

ಎರಡನೇ ಪರೀಕ್ಷೆಯಲ್ಲೂ ಸೀಳು ಅದೇ ಒತ್ತಡಕ್ಕೆ ಮುಚ್ಚಿಕೊಂಡಿದೆ. ಸೋರಿಕೆ ಆಗಿದ್ದರೆ ಹಾಗೆ ಬರುವುದಿಲ್ಲ. ಅತ್ತೆಗೆ ಹೇಳಿದೆ. ಹಾಗಾದರೆ ಅವಳು ಹೇಳಿದ್ದೇ ಸರಿ ಅಂತಲಾ ಎಂದರು. ಅಳೆದದ್ದು ಸರಿ, ಯಾಕೆ ಕಮ್ಮಿ ಇದೆ ಅನ್ನುವುದು ಇನ್ನೂ ಯಾರಿಗೂ ಗೊತ್ತಿಲ್ಲ ಎಂದೆ. ಇನ್ನೂ ಕೆಳಗೆ, ಎರಡು ಪದರ ತಾಗುವ ಕಡೆ, ಮೂರನೇ ಪರೀಕ್ಷೆ ಇದೆ. ಅದೇ ಮುಖ್ಯವಾದದ್ದು.

ಮಾರ್ಚ್ 21

ಹತ್ತನೇ ತರಗತಿಯವರ ಪರೀಕ್ಷೆ. ಕೊಠಡಿಯಲ್ಲಿ ಮೂರು ಗಂಟೆ ಅಡ್ಡಾಡಿ ಕಾಲು ಸೋತಿದೆ. ಕರಿಯಕ್ಕ ವಾಪಸು ಬಂದಿದ್ದಾಳೆ, ಅದೊಂದು ಪುಣ್ಯ.

ಹೊರಗೆ ಬಂದು ಫೋನು ತೆಗೆದರೆ ಶ್ರೀವಾಣಿಯ ಮೆಸೇಜು. ರಂಧ್ರದ ಗೋಡೆ ಕುಸಿದು ಕೊರೆಯುವ ಪೈಪು ಸಿಕ್ಕಿಕೊಂಡಿತು. ಎರಡು ದಿನ ಎಳೆದಾಡಿದರು. ಕೊನೆಗೆ ಪೈಪನ್ನು ಒಳಗೇ ಕತ್ತರಿಸಿ ಬಿಟ್ಟಿದ್ದಾರೆ. ಪದರ ತಾಗುವ ಜಾಗ ಇನ್ನೂ ಆರುನೂರು ಮೀಟರ್ ಕೆಳಗಿತ್ತು. ಹೊಸದಾಗಿ ಕೊರೆಯಲು ದಿನ ಉಳಿದಿಲ್ಲ. ಮೂರನೇ ಪರೀಕ್ಷೆ ಇಲ್ಲ. "ಎಂಟು ವರ್ಷ" ಅಂತ ಒಂದು ಸಾಲು. ಮತ್ತೇನೂ ಬರೆದಿರಲಿಲ್ಲ.

ಅತ್ತೆಗೆ ಹೇಳಿದೆ. ಬಾವಿ ಕುಸೀತಾ ಎಂದರು. ಮತ್ತೆ ಅಲ್ಲೇ ಕೊರೆಯುತ್ತಾರಾ ಅಂತ ಕೇಳಿದರು. ಇನ್ನು ಯಾವ ಕಾಲಕ್ಕೋ, ಹಡಗು ಸಿಗಬೇಕಲ್ಲ ಎಂದೆ. ಸಂಜೆ ಶ್ರೀವಾಣಿ ಫೋನು ಮಾಡಿದಾಗ ಅತ್ತೆ ಬಾವಿಯ ಮಾತೇ ಎತ್ತಲಿಲ್ಲ. ಊಟ ಮಾಡಿದ್ಯಾ, ಏನು ಉಂಡೆ, ಹಡಗಿನಾಗೆ ಅನ್ನ ಕೊಡ್ತಾರಾ ಅಂತ ಅರ್ಧ ಗಂಟೆ ಅದೇ ಕೇಳಿದರು. ಶ್ರೀವಾಣಿ ಸಣ್ಣ ಮಗುವಿನಂತೆ ಒಂದೊಂದಕ್ಕೂ ಉತ್ತರ ಹೇಳಿದಳು.

ಮಾರ್ಚ್ 25

ಇವತ್ತು ಅತ್ತೆ ವಾಕರ್ ಹಿಡಿದು ಗೇಟಿನ ತನಕ ಒಬ್ಬರೇ ನಡೆದರು. ಬಂದು ಕೂತು, ಮುಖದಲ್ಲಿ ಬೆವರು, ಖುಷಿಯಾಗಿದ್ದರು. ಮಗ್ಗದ ಮಾತು ಬಂತು. ಹಾಸು ಅಂದರೆ ಮಗ್ಗಕ್ಕೆ ಬಿಗಿದ ಉದ್ದನೆ ಎಳೆ, ಅದರಲ್ಲಿ ಮೂರು ಸೀರೆ, ಇನ್ನೂ ಒಂದೂವರೆ ನೇಯುವುದಿದೆಯಂತೆ. ರುದ್ರಾಕ್ಷಿ ಅಂಚು, ಕಡುಹಸಿರು ಮೈ. ಬಿದ್ದ ದಿನ ನಡುವಿನ ಸೀರೆ ಅರ್ಧಕ್ಕೆ ನಿಂತಿದೆ. ರೇಷ್ಮೆ ದಾರ ಬಿಗಿದು ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಕೆಡುತ್ತದೆ, ಹೋಗಿ ಒಂದು ವಾರಕ್ಕೆ ಕೂತು ಮುಗಿಸಬೇಕು ಎಂದರು.

ಹೂಂ ಅನ್ನಬಹುದಿತ್ತು. ಆಗಲಿಲ್ಲ.

"ಅತ್ತೆ, ನೀವಿನ್ನು ಗುಂಡಿಗೆ ಇಳಿಯಂಗಿಲ್ಲ," ಎಂದೆ.

"ಎಷ್ಟು ದಿನ?"

"ಯಾವತ್ತೂ ಇಲ್ಲ. ಡಾಕ್ಟರು ಆಪರೇಶನ್ ದಿನಾನೇ ಹೇಳಿದ್ರು."

ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಎರಡು ಅಂಗೈ ನೋಡಿಕೊಂಡರು. ಎದ್ದು ಒಳಗೆ ಹೋದರು. ನಾನು ಕೈ ಕೊಡಲು ಹೋದೆ, ಬೇಡ ಎಂದರು.

ಮಾರ್ಚ್ 26

ಊಟ ಮಾಡಲಿಲ್ಲ. ನೀರು ಮಾತ್ರ ಕುಡಿಯುತ್ತಿದ್ದಾರೆ.

ಮಾರ್ಚ್ 27

ಬೆಳಿಗ್ಗೆ ಕರೆದರು. ಹೋಗಿ ಕೂತೆ. ಗೋಪಿಗೂ ಗೊತ್ತಿತ್ತಾ ಅಂತ ಕೇಳಿದರು. ಗೊತ್ತಿತ್ತು ಎಂದೆ. ವಾಣಿಗೆ? ಅವಳಿಗಿಲ್ಲ. ಹಾಗಾದರೆ ಹೆತ್ತ ಮಗನೂ ಹೇಳಲಿಲ್ಲ ಎಂದರು. ಅವನು ಹೆದರಿಕೊಂಡಿದ್ದ, ನಾನೂ ಹೆದರಿಕೊಂಡಿದ್ದೆ, ಅದಕ್ಕೇ ಇಷ್ಟು ದಿನ ಹಿಡಿಯಿತು ಎಂದೆ.

ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. ಮದುವೆಯಾದ ವರ್ಷ ಅತ್ತೆ ಮನೆಯಲ್ಲಿ ಮಾತಾಡಿಸುವವರು ಯಾರೂ ಇರಲಿಲ್ಲವಂತೆ. ಗುಂಡಿಗೆ ಇಳಿದು ಕೂತರೆ ಯಾರೂ ಬಂದು ಏಳು ಅನ್ನುತ್ತಿರಲಿಲ್ಲ. ಅದೊಂದೇ ತಮ್ಮ ಜಾಗವಾಗಿತ್ತಂತೆ.

ಕಾಫಿ ಕೇಳಿದರು. ಸಕ್ಕರೆ ಜಾಸ್ತಿ ಹಾಕು ಎಂದರು. ಶಾಲೆಗೆ ತಡವಾಯಿತು.

ಏಪ್ರಿಲ್ 1

ಶ್ರೀವಾಣಿ ಬಂದಳು. ಬೆಂಗಳೂರಿನಿಂದ ಟ್ಯಾಕ್ಸಿಯಲ್ಲಿ ಬಂದು ಇಳಿದಾಗ ನೆಲ ಅಲ್ಲಾಡುತ್ತಿದೆ ಅಂತ ಗೇಟು ಹಿಡಿದು ನಿಂತಳು. ಕಣ್ಣ ಕೆಳಗೆ ಕಪ್ಪಾಗಿದೆ. ಅಮ್ಮನ ಮಂಚದ ಅಂಚಿನಲ್ಲಿ ಕೂತು ಅಮ್ಮನ ಕೈ ಹಿಡಿದವಳು ಹಾಗೇ ವಾಲಿ ನಿದ್ದೆ ಹೋದಳು. ಎಬ್ಬಿಸಬೇಡ ಅಂತ ಅಮ್ಮ ಸನ್ನೆ ಮಾಡಿದರು. ಯುಗಾದಿ ಬಂದದ್ದೂ ಹೋದದ್ದೂ ಈ ಸಲ ತಿಳಿಯಲಿಲ್ಲ. ಸಂಜೆ ನಾನು ಶಾವಿಗೆ ಪಾಯಸ ಮಾಡಿದೆ.

ಏಪ್ರಿಲ್ 3

ಎರಡು ದಿನ ಮಲಗಿಯೇ ಇದ್ದಳು. ಇವತ್ತು ಎದ್ದು ಅಡಿಗೆಮನೆಯಲ್ಲಿ ಡಬ್ಬಿಗಳನ್ನೆಲ್ಲಾ ತೆಗೆದು ನೋಡಿ, ನನ್ನ ಮನೆಯಲ್ಲೇ ನನಗೇನೂ ಸಿಗುತ್ತಿಲ್ಲ ಎಂದಳು. ಮೇಲಿನ ಸಾಲಿಗೆ ಅಮ್ಮನ ಕೈ ಎಟುಕುವುದಿಲ್ಲ ಅಂತ ಎಲ್ಲಾ ಕೆಳಗಿಟ್ಟಿದ್ದೇನೆ. ಸಾರಿನ ಪುಡಿಯೂ ಈಗ ಅಮ್ಮ ಹೇಳಿದ ಹದದ್ದು.

ಊಟ ಮಾಡುತ್ತಾ ಹಡಗಿನ ಕಥೆ ಹೇಳಿದಳು. ವರದಿಯ ಕರಡಿನಲ್ಲಿ ಮುಖ್ಯಸ್ಥ ಅವಳ ಪರೀಕ್ಷೆಯನ್ನು ಅನುಮಾನಾಸ್ಪದ ಅಂತ ಬರೆದಿದ್ದನಂತೆ. ಅವಳು ಸಹಿ ಹಾಕಲಿಲ್ಲ. ಹಡಗು ದಡಕ್ಕೆ ಬರುವ ತನಕ ಅವನ ಜೊತೆ ವಾದ ಮಾಡಿದ್ದಾಳೆ. ಕೊನೆಗೆ ಎರಡೂ ಅಳತೆಗಳು ಅವಳ ಹೆಸರಿನಲ್ಲಿ ಹೋಗಿವೆ, ಪಕ್ಕದಲ್ಲಿ ಅವನ ಭಿನ್ನಾಭಿಪ್ರಾಯ. ಒತ್ತಡ ಕಮ್ಮಿ ಅಂದರೆ ಅಪಾಯ ಕಮ್ಮಿ ಅಂತಲಾ ಅಂತ ಅಮ್ಮ ಕೇಳಿದರು. ಹಾಗಲ್ಲವಂತೆ. ಸ್ವಲ್ಪ ನೂಕಿದರೂ ಜಾರುವಷ್ಟು ಆ ಜಾಗ ಜಾಳಾಗಿರಬಹುದು, ಅಥವಾ ಬಿಗಿಯೆಲ್ಲಾ ಇನ್ನೂ ಕೆಳಗಿರಬಹುದು. ನಮ್ಮ ಲೆಕ್ಕ ತಪ್ಪಿತ್ತು ಅನ್ನುವುದಷ್ಟೇ ಈಗ ಖಚಿತ ಎಂದಳು.

"ಅವತ್ತು ನಾನು ಬಂದುಬಿಟ್ಟಿದ್ರೆ ಎರಡನೇ ಸಲ ಪಂಪ್ ಮಾಡಿ ಅಂತ ಹಠ ಹಿಡಿಯೋರೇ ಇರ್ತಿರ್ಲಿಲ್ಲ," ಎಂದಳು. "ಆ ಅಳತೆನೇ ಇರ್ತಿರ್ಲಿಲ್ಲ. ಆದ್ರೆ ಅಮ್ಮಂಗೆ ಏನಾದ್ರೂ ಆಗಿದ್ದಿದ್ರೆ ನನಗೆ ಆ ಅಳತೆ ತಗೊಂಡು ಏನು ಮಾಡಬೇಕಿತ್ತು, ಗೊತ್ತಿಲ್ಲ."

ಅಮ್ಮ ಅವಳ ತಟ್ಟೆಗೆ ಮತ್ತೊಂದು ಸೌಟು ಅನ್ನ ಹಾಕಿದರು, ಕೂತಲ್ಲಿಂದಲೇ.

ಏಪ್ರಿಲ್ 5

ಇವತ್ತು ಅಮ್ಮನನ್ನು ಮೊಳಕಾಲ್ಮೂರಿಗೆ ಬಿಡುವುದು ಅಂತ ಇತ್ತು. ಗೋಪಿ ಕಮೋಡ್ ಹಾಕಿಸಿದ್ದಾನೆ, ಹಿತ್ತಿಲ ಮೆಟ್ಟಿಲಿಗೆ ಕಂಬಿ ಕಟ್ಟಿಸಿದ್ದಾನೆ. ಬಟ್ಟೆಬರೆ, ಔಷಧಿ ಎಲ್ಲಾ ತುಂಬಿಕೊಂಡು ಬೆಳಿಗ್ಗೆಯೇ ಹೊರಟೆವು. ಶ್ರೀವಾಣಿ ಹಿಂದೆ ಕೂತಳು, ಅಮ್ಮ ಮುಂದೆ. ತಳಕು ದಾಟುವಾಗ ಇದೇ ನನ್ನ ಶಾಲೆ ಅಂತ ತೋರಿಸಿದೆ. ಆ ಬೇವಿನ ಮರವಾ ನೀನು ಫೋನಿಗೆ ನಿಲ್ಲೋದು ಎಂದರು.

ಬೀದಿಗೆ ತಿರುಗುತ್ತಿದ್ದಂತೆಯೇ ಮಗ್ಗದ ಸದ್ದು ಕೇಳಿತು. ಹಾಸು ಕೆಡಬಾರದು ಅಂತ ಪಕ್ಕದ ಮನೆಯ ದಾಕ್ಷಾಯಿಣಿಯನ್ನು ಮಗ್ಗಕ್ಕೆ ಕೂರಿಸಲು ಅಮ್ಮನೇ ಹೋದ ವಾರ ಗೋಪಿಗೆ ಹೇಳಿದ್ದರು. ನಾವು ಒಳಗೆ ಹೋದಾಗ ಅವಳು ಗುಂಡಿಯಲ್ಲಿ ಕೂತು ನೇಯುತ್ತಿದ್ದಳು. ನಡುವಿನ ಸೀರೆ ಮುಗಿದು ಕೊನೆಯ ಸೀರೆಯ ಸೆರಗು ಶುರುವಾಗಿತ್ತು. ಏಳಲು ಹೋದವಳನ್ನು ಅಮ್ಮ ಕೂತುಕೋ ಎಂದರು. ನನಗೂ ಒಳಗೇ ಕುರ್ಚಿ ಹಾಕಿದ್ದರು, ಅಮ್ಮನ ಕುರ್ಚಿಯ ಪಕ್ಕದಲ್ಲಿ.

ಅಮ್ಮ ಮೇಲಿಂದ ನೋಡುತ್ತಾ ಕೂತರು. ದಾಕ್ಷಾಯಿಣಿಯ ಕೈ ಚುರುಕು. ಲಾಳಿ ಆ ಕಡೆ ಈ ಕಡೆ ಓಡುತ್ತಿತ್ತು. ಎಲ್ಲೂ ತಪ್ಪಿರಲಿಲ್ಲ ಅನ್ನಿಸುತ್ತದೆ, ಅಮ್ಮ ತಡೆದು ತಿದ್ದಲಿಲ್ಲ. ಗೋಪಿ ಕಾಫಿ ತಂದ. ಅಮ್ಮ ಲೋಟ ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. ಬರುವ ತಿಂಗಳು ಮಗುವನ್ನು ಕರೆತರುವ ಮಾತು, ಯಾವ ಕೋಣೆಯಲ್ಲಿ ಯಾರು ಅನ್ನುವ ಮಾತು ಗೋಪಿಯೂ ಶ್ರೀವಾಣಿಯೂ ಆಡುತ್ತಿದ್ದರು. ಅಮ್ಮ ಲೋಟ ಕೆಳಗಿಟ್ಟು ನನ್ನ ಭುಜ ಹಿಡಿದು ಎದ್ದು ನಿಂತರು.

"ಪೋದಾಂ ಪಾ, ಮಾರುತೇಶ. ಇಂಟಿಕಿ ಪೋದಾಂ."

ನನ್ನ ಹೆಸರು ಹಿಡಿದು, ಮನೆಗೆ ಹೋಗೋಣ ನಡಿ ಅಂದರು. ಮಗ್ಗದ ಸದ್ದು ನಿಂತಿತು. ಇದೇ ಅಲ್ಲವೇನಮ್ಮ ಮನೆ ಅಂತ ಶ್ರೀವಾಣಿ ಮೆಲ್ಲಗೆ ಕೇಳಿದಳು. ಅಮ್ಮ ವಾಕರ್ ಮುಂದಕ್ಕೆ ಇಟ್ಟರು. ಗೋಪಿ ನನ್ನ ಮುಖ ನೋಡಿದ. ಮಗು ಬಂದ ಮೇಲೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ, ಅಲ್ಲಿಯತನಕ ನಮ್ಮಲ್ಲೇ ಇರಲಿ ಬಿಡು ಎಂದೆ.

ಬಟ್ಟೆಯ ಬ್ಯಾಗುಗಳು ಇನ್ನೂ ಕಾರಿನಲ್ಲೇ ಇದ್ದವು. ಅಮ್ಮನನ್ನು ಮುಂದೆ ಕೂರಿಸಿ ಬೆಲ್ಟ್ ಹಾಕಿದೆ. ಬಿಸಿಲು ಏರಿತ್ತು. ಮೊಳಕಾಲ್ಮೂರು ದಾಟಿ ಹಾನಗಲ್ಲಿನ ಹತ್ತಿರ ಎಳೆ ಸೌತೆಕಾಯಿ ಮಾರುತ್ತಿದ್ದರು, ನಿಲ್ಲಿಸಿ ಮೂರು ತೆಗೆದುಕೊಂಡೆ.